ಬಚ್ಚಲ ಕಿಟಕಿಯ ಫಿಲ್ಮು

ಮಾರ್ಚ್ 3, ಸೋಮವಾರ

ಇವತ್ತಿನ ಎಕ್ಸ್‌ರೇ ಲೆಕ್ಕ: ಇಪ್ಪತ್ತೇಳು ಎದೆ, ಒಂಬತ್ತು ಮಂಡಿ, ಒಂದು ತಲೆಬುರುಡೆ. ತಲೆಬುರುಡೆಯವನು ಏಣಿಯಿಂದ ಬಿದ್ದ ಪೇಂಟರ್. ಒಳಗೆಲ್ಲ ನೆಟ್ಟಗಿದೆ, ಬಾಯಿಯೂ ನೆಟ್ಟಗಿದೆ, ಹೋಗುವವರೆಗೂ ಮಾತು ನಿಲ್ಲಿಸಲಿಲ್ಲ. ಇಡೀ ದಿನ ನನ್ನದು ಒಂದೇ ಜಪ — ಗದ್ದ ಮೇಲೆ, ಭುಜ ಮುಂದೆ, ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಬಿಡಿ. ಇಪ್ಪತ್ತೆರಡು ವರ್ಷ ಇದನ್ನೇ ಹೇಳಿ ಹೇಳಿ ಈಗ ನಿದ್ದೆಯಲ್ಲೂ ಹೇಳುತ್ತೇನಂತೆ. ಮಗಳು ಅಣಕಿಸುತ್ತಾಳೆ.

ಕಳೆದ ವಾರವೂ ನನ್ನದು ರಿಪೀಟ್, ಅಂದರೆ ಕೆಟ್ಟು ಮತ್ತೆ ತೆಗೆದದ್ದು, ಒಂದೂ ಇಲ್ಲ. ಇನ್‌ಚಾರ್ಜ್ ಬೋರ್ಡಿನ ಮೇಲೆ ನನ್ನ ಹೆಸರಿನ ಮುಂದೆ ಸೊನ್ನೆ ಬರೆದರು. ಜಂಬ ಪಡಬಾರದು. ಪಟ್ಟೆ.

ಸಂಜೆ ತಮ್ಮ ಪೀಪಿ ಬಂದಿದ್ದ. ನಮ್ಮ ಮೂವತ್ತೆಂಟು ಮೆಟ್ಟಿಲಿಗೆ ಎರಡು ಸಲ ನಿಂತ. ಮೇಲಿನಿಂದಲೇ ಕೂಗಿದೆ — ‘ಬೇಗ ಬಾರೋ, ಟೀ ಆರ್ತಿದೆ. ಟಪಾಲು ಹಂಚೋನ ಕಾಲಿಗೇನು ಬಂತು ರೋಗ?’ ಬಂದವನು ಕುರ್ಚಿಯಲ್ಲಿ ಕುಸಿದು ಐದು ನಿಮಿಷ ಏದುಸಿರು ಬಿಟ್ಟ. ಮೂವತ್ತೊಂಬತ್ತಕ್ಕೇ ಹೀಗೆ. ಕದ್ದು ಸೇದುತ್ತಾನೆ, ಇನ್ನೇನು. ಅಪ್ಪನಾದರೂ ಎದುರಿಗೇ ಸೇದುತ್ತಿದ್ದರು, ನಲವತ್ತೈದಕ್ಕೆ ಹೋದರು. ಇವನು ಕೇಳಿದರೆ ನಗುತ್ತಾನೆ.

ಚಿಕ್ಕಂದಿನಿಂದ ಅವನ ಎದೆಯಲ್ಲಿ ಕುಂಯ್ ಕುಂಯ್. ಪೀಪಿ ಅಂತ ಹೆಸರಿಟ್ಟವಳು ನಾನೇ. ಈಗ ಅವನ ಪೋಸ್ಟ್ ಆಫೀಸಿನಲ್ಲೂ ಅದೇ ಹೆಸರು.

ಮಾರ್ಚ್ 6, ಗುರುವಾರ

ಎದೆರೋಗದ ಹೊಸ ಡಾಕ್ಟರಮ್ಮ ಮಧ್ಯಾಹ್ನ ನಮ್ಮ ಕೋಣೆಗೇ ಇಳಿದು ಬಂದರು. ನಿನ್ನೆ ತೆಗೆದ ಎದೆಯೊಂದನ್ನು ಕಂಪ್ಯೂಟರಿನಲ್ಲಿ ತೆಗೆಸಿದರು — ಹೂವಿನಂಗಡಿ ಹೆಂಗಸು, ವಯಸ್ಸು ನಲವತ್ತೊಂದು. ಬೈಸಿಕೊಳ್ಳಲು ತಯಾರಾಗಿ ನಿಂತೆ.

‘ಇದನ್ನ ತೆಗೆದಿದ್ದು ಯಾರು?’

‘ನಾನೇ ಮೇಡಂ.’

‘ಚೆನ್ನಾಗಿದೆ. ಚೆಂದ ಮಾಡೋಕೆ ಹೋಗದೆ ಇದ್ದ ಹಾಗೇ ಕಳಿಸಿದ್ದೀರಿ, ಅದಕ್ಕೇ ಸಿಕ್ತು. ಇಲ್ಲಿ ನೋಡಿ. ಕಪ್ಪು ಜಾಸ್ತಿ ಎಲ್ಲಿದೆ?’

‘ಕೆಳಗೆ.’

‘ಸಿಗರೇಟು ಸೇದಿ ಹಾಳಾದ ಶ್ವಾಸಕೋಶ ನೀವು ರಾಶಿ ನೋಡಿರ್ತೀರಿ. ಅವು ಎಲ್ಲಿ ಕಪ್ಪಾಗಿರುತ್ವೆ?’

‘ಹೆಚ್ಚಾಗಿ ಮೇಲೆ.’

‘ಈ ಅಮ್ಮ ಸಿಗರೇಟು ಮುಟ್ಟಿದವರೇ ಅಲ್ಲ. ಇದು ವಂಶದಲ್ಲಿ ಬರೋದು. ಶ್ವಾಸಕೋಶ ಕಾಯೋ ಒಂದು ಪ್ರೋಟೀನು ಲಿವರಿಂದ ರಕ್ತಕ್ಕೆ ಬರ್ಬೇಕು. ಅಪ್ಪನ ಕಡೆಯಿಂದ್ಲೂ ಅಮ್ಮನ ಕಡೆಯಿಂದ್ಲೂ ಕೆಟ್ಟ ಪಾಲೇ ಬಂದ್ರೆ ಆ ಪ್ರೋಟೀನು ಸಾಕಾಗಲ್ಲ. ಕೆಳಗಿನ ಭಾಗವೇ ಮೊದಲು ಹೋಗೋದು.’

ಬೆರಳಿಟ್ಟು ತೋರಿಸುತ್ತ ಹೋದರು. ಶ್ವಾಸಕೋಶದೊಳಗಿನ ಜಾಲರಿ ಹರಿದು ಬರೀ ಗಾಳಿ ತುಂಬಿದ ಕಡೆ ಕಿರಣ ತಡೆಯಿಲ್ಲದೆ ಹಾದು ಕಪ್ಪಾಗುತ್ತದೆ. ಅದರಡಿಯಲ್ಲಿ ಕವುಚಿಟ್ಟ ಬಟ್ಟಲಿನಂತೆ ಇರಬೇಕಾದ ವಪೆ ತಟ್ಟೆಯಂತೆ ಚಪ್ಪಟೆ. ಶ್ವಾಸಕೋಶ ಉದ್ದುದ್ದ ಇಳಿದಿದೆ. ನಡುವೆ ಹೃದಯ ಸಣಕಲಾಗಿ ಜೋತು ಬಿದ್ದಿದೆ. ಇಷ್ಟೂ ನನ್ನ ಕಣ್ಣ ಮುಂದೆಯೇ ಇತ್ತು. ಭುಜದ ಮೂಳೆ ಅಡ್ಡ ಬಂದಿಲ್ಲ ತಾನೇ ಎಂದಷ್ಟೇ ನೋಡಿ ಕಳಿಸಿದ್ದೆ.

‘ಎಕ್ಸ್‌ರೇ ಬರೀ ಅನುಮಾನ ಹುಟ್ಟಿಸುತ್ತೆ, ಅಷ್ಟೆ. ಹೌದೋ ಅಲ್ವೋ ಹೇಳೋದು ರಕ್ತ ಪರೀಕ್ಷೆ. ಅವರ ಒಡಹುಟ್ಟಿದವರನ್ನೆಲ್ಲ ಕರೆಸ್ತಾ ಇದ್ದೀನಿ’ ಅಂದರು.

ಬಸ್ಸಿನಲ್ಲಿ ಬರುವಾಗ ಪೀಪಿಯ ನೆನಪು. ಆರು ವರ್ಷದ ಕೆಳಗೆ ಅವನ ಎದೆಯನ್ನೂ ನಾನೇ ತೆಗೆದಿದ್ದೆ. ನಾರ್ಮಲ್ ಅಂತ ರಿಪೋರ್ಟ್ ಬಂದಿತ್ತು. ನೀಟಾದ ಫಿಲ್ಮು. ಹಾಗಾದರೆ ಅವನದು ಇದಲ್ಲ.

ಮಾರ್ಚ್ 7, ಶುಕ್ರವಾರ, ಬೆಳಗ್ಗೆ 7:40

ಕೆಲಸಕ್ಕೆ ಹೊರಡುವ ಮೊದಲು ಇದನ್ನು ಬರೆದುಬಿಡುತ್ತೇನೆ.

ನಮ್ಮ ಬಚ್ಚಲ ಕಿಟಕಿಯ ಗಾಜು ಒಡೆದು ಆರು ವರ್ಷ. ಹೊಸ ಗಾಜು ಬರುವವರೆಗೆ ಇರಲಿ ಅಂತ ಒಂದು ರಿಜೆಕ್ಟ್ ಫಿಲ್ಮು ಅಂಟಿಸಿದ್ದೆ. ಗಾಜು ಬರಲೇ ಇಲ್ಲ. ಫಿಲ್ಮಿನ ಕಾಲದಲ್ಲಿ ನಮ್ಮ ಕೆಲಸದವರ ಮನೆಯಲ್ಲೆಲ್ಲ ಹೀಗೇ — ಕೆಟ್ಟ ಫಿಲ್ಮು ಮನೆಗೆ ತಂದು ಮಕ್ಕಳ ಪುಸ್ತಕಕ್ಕೆ ರಟ್ಟು, ಇಲಿ ಬಿಲಕ್ಕೆ ಅಡ್ಡ, ಕಿಟಕಿಗೆ ಗಾಜು. ಬಚ್ಚಲಿಗೆ ಅಂತ ರಾಶಿಯಲ್ಲಿ ಅತಿ ಕಪ್ಪಾದದ್ದನ್ನು ಆರಿಸಿ ತಂದಿದ್ದೆ. ಎದುರು ಮನೆಯವರಿಗೆ ಏನೂ ಕಾಣಬಾರದಲ್ಲ.

ಇವತ್ತು ಹಲ್ಲುಜ್ಜುವಾಗ ಬಿಸಿಲು ನೇರ ಅದರ ಮೇಲೆ ಬಿತ್ತು. ನೋಡಿದೆ. ಮೇಲ್ಭಾಗ ಕಪ್ಪು. ಯಾವನೋ ಸೇದುವ ಆಸಾಮಿ ಅಂದುಕೊಂಡೆ. ನಿನ್ನೆಯ ಪಾಠ ಚೆನ್ನಾಗಿ ತಲೆಗೆ ಹತ್ತಿದೆ ಅಂತ ಒಳಗೊಳಗೇ ಖುಷಿ.

ಆಮೇಲೆ R ಅಕ್ಷರ ಕಂಡಿತು. ತಲೆಕೆಳಗಾಗಿ.

ಫಿಲ್ಮನ್ನೇ ತಲೆಕೆಳಗೆ ಅಂಟಿಸಿದ್ದೇನೆ. ಹಾಗಾದರೆ ಕಪ್ಪು ಇರುವುದು ಮೇಲಲ್ಲ, ಕೆಳಗೆ. ಬ್ರಷ್ ಬಾಯಲ್ಲೇ ಇತ್ತು. ಕತ್ತು ತಿರುಚಿ ನೋಡಿದೆ. ಎಡಗಡೆ ಕೊರಳ ಮೂಳೆ ಮುರಿದು ಸೊಟ್ಟಗೆ ಕೂಡಿಕೊಂಡಿದೆ, ಒಂದು ತುಂಡಿನ ಮೇಲೆ ಇನ್ನೊಂದು ಏರಿ. ಆ ಮೂಳೆ ನನಗೆ ಗೊತ್ತು. ಅವನಿಗೆ ಏಳು, ನನಗೆ ಹದಿನಾಲ್ಕು. ಸೈಕಲ್ಲಿನ ಕ್ಯಾರಿಯರ್ ಮೇಲಿಂದ ಬೀಳಿಸಿದವಳು ನಾನು. ಮೂಲೆಯಲ್ಲಿ ನಂಬರು, ತಾರೀಕು. ನನ್ನದೇ ಕೈಬರಹ.

ಮಗಳು ಬಾಗಿಲು ಬಡಿದಳು, ಕಾಲೇಜಿಗೆ ಹೊತ್ತಾಯಿತು ಅಂತ. ಟವೆಲನ್ನು ಕಿಟಕಿಗೆ ಹಾಕಿ ಹೊರಗೆ ಬಂದೆ.

ಅದೇ ದಿನ, ಸಂಜೆ

ಆಸ್ಪತ್ರೆಯ ಸ್ಟೋರಿನಲ್ಲಿ ಹಳೇ ರಿಜಿಸ್ಟರ್ ಹುಡುಕಿದೆ. ಸಿಕ್ಕಿತು. ಅವನ ನಂಬರಿನ ಮುಂದೆ ‘ರಿಪೀಟ್ — 1. ಕಾರಣ — ಓವರ್ ಎಕ್ಸ್‌ಪೋಷರ್.’ ಕೆಳಗೆ ನನ್ನ ಸಹಿ, ಬಾಲ ಎಳೆದು ಜೋರಾಗಿ ಹಾಕಿದ್ದು.

ಎಲ್ಲ ನೆನಪಾಗುತ್ತಿದೆ. ಮೊದಲ ಫಿಲ್ಮು ಡಾರ್ಕ್ ರೂಮಿಂದ ಬಂದಾಗ ಕೆಳಗೆಲ್ಲ ಕಪ್ಪೋ ಕಪ್ಪು. ಕೆಳ ಅಂಚಿನಲ್ಲಿ ಶ್ವಾಸಕೋಶದ ತುದಿ ಪ್ಲೇಟಿನಿಂದಲೇ ಆಚೆ ಹೋಗಿತ್ತು. ಸಣಕಲ ಮೈಗೆ ಕಿರಣದ ಎಕ್ಸ್‌ಪೋಷರ್ ಜಾಸ್ತಿ ಆಯಿತು ಅಂದುಕೊಂಡೆ. ತಮ್ಮನದು ಕೊಳಕಾಗಿ ಬಂದರೆ ಇನ್‌ಚಾರ್ಜ್ ಏನಂದಾರು ಅಂತ ಬೇರೆ. ಕಿರಣ ಇಳಿಸಿದೆ. ಅವನನ್ನು ಮತ್ತೆ ನಿಲ್ಲಿಸಿದೆ. ‘ಅಷ್ಟೊಂದು ಎಳೀಬೇಡ ಕಣೋ, ಉದ್ದಪ್ಪ. ನಿನ್ನ ಎದೆ ನನ್ನ ಪ್ಲೇಟಿಗೆ ಹಿಡಿಸ್ತಿಲ್ಲ’ ಅಂತ ನಕ್ಕೆ. ಅವನೂ ನಕ್ಕ. ಹೇಳಿದಷ್ಟೇ ಉಸಿರು ತೆಗೆದುಕೊಂಡ.

ಎರಡನೆಯದು ಎಷ್ಟು ಚೆನ್ನಾಗಿ ಬಂತು. ಮೇಲಿಂದ ಕೆಳಗೆ ಒಂದೇ ಸಮ ಬೂದಿ ಬಣ್ಣ. ಅದನ್ನು ಕಳಿಸಿದೆ. ಆಗಿನ ಡಾಕ್ಟರು ನಿಂತಲ್ಲೇ ನೋಡಿ, ಫಿಲ್ಮು ನಾರ್ಮಲ್, ಸ್ವಲ್ಪ ಆಸ್ತಮಾ ಇರಬಹುದು ಅಷ್ಟೆ ಅಂದು ಇನ್‌ಹೇಲರ್ ಪಂಪು ಬರೆದುಕೊಟ್ಟರು.

ಯಂತ್ರ ತಪ್ಪು ಮಾಡಿರಲಿಲ್ಲ. ಅವನ ಎದೆ ಇದ್ದದ್ದೇ ಹಾಗೆ. ನಾನು ಅದನ್ನು ತಿದ್ದಿಬಿಟ್ಟೆ.

ಮಾರ್ಚ್ 9, ಭಾನುವಾರ

ಪೀಪಿ ಎರಡು ಸಲ ಫೋನ್ ಮಾಡಿದ. ಎತ್ತಲಿಲ್ಲ.

ನನ್ನ ಪರವಾಗಿ ನಾನೇ ವಾದಿಸುತ್ತಿದ್ದೇನೆ. ಓದಬೇಕಾದವರು ಡಾಕ್ಟರು, ನಾನಲ್ಲ. ಎರಡನೇ ಫಿಲ್ಮಿನಲ್ಲೂ ಚಪ್ಪಟೆ ವಪೆ ಕಂಡಿರಲೇಬೇಕು, ಅವರು ನೋಡಲಿಲ್ಲ. ಆಗ ಈ ಕಾಯಿಲೆಯ ಹೆಸರೇ ನನಗೆ ಗೊತ್ತಿರಲಿಲ್ಲ… ಎಲ್ಲ ನಿಜ. ಒಂದೂ ಉಪಯೋಗಕ್ಕೆ ಬರುವುದಿಲ್ಲ.

ಯಾಕೆಂದರೆ ಬೆಂಕಿಪೊಟ್ಟಣ ಇದೆಯಲ್ಲ.

ಮೂರು ವರ್ಷದ ಹಿಂದೆ. ಅಮ್ಮ ಇದೇ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು. ನೋಡಿಕೊಳ್ಳಲು ಅವನೂ ಬಂದು ಎರಡು ತಿಂಗಳಿದ್ದ. ಬಟ್ಟೆ ಒಗೆಯುವಾಗ ಅವನ ಖಾಕಿ ಅಂಗಿಯ ಜೇಬಿನಲ್ಲಿ ಬೆಂಕಿಪೊಟ್ಟಣ ಸಿಕ್ಕಿತು. ಸೀದಾ ಅಮ್ಮನ ಮುಂದೆ ಹಿಡಿದೆ. ‘ನೋಡಮ್ಮ, ನಿನ್ನ ಮುದ್ದಿನ ಮಗ.’ ಅವನು ಮೆತ್ತಗೆ ಹೇಳಿದ, ‘ಪಾರ್ಸಲ್ಲಿಗೆ ಸೀಲು ಹಾಕೋ ಅರಗು ಕರಗಿಸೋಕೆ, ಅಕ್ಕ.’ ನಾನು — ‘ಅರಗಂತೆ ಅರಗು. ಯಾರ ಕಿವಿಗೆ ಹೂ ಇಡ್ತೀಯ? ಹಾಗಾದ್ರೆ ಆ ಏದುಸಿರು ಎಲ್ಲಿಂದ ಬಂತು? ನಿನ್ನ ಎಕ್ಸ್‌ರೇ ನಾನೇ ತೆಗೆದಿದ್ದೀನಿ, ಒಳಗೆ ಕಾಯಿಲೆ ಏನೂ ಇಲ್ಲ.’

ನಾನೇ ತೆಗೆದಿದ್ದೀನಿ. ಹಾಗೇ ಅಂದೆ.

ಅಮ್ಮ ಗೋಡೆ ಕಡೆ ತಿರುಗಿ ಮಲಗಿದಳು. ‘ಇವನೂ ಅಪ್ಪನ ದಾರಿ ಹಿಡಿದ’ ಅಂತ ಸಾಯುವವರೆಗೂ ಕೊರಗಿದಳು. ಅವನು ಮತ್ತೆ ಒಂದು ಮಾತೂ ಆಡಲಿಲ್ಲ. ತಪ್ಪೊಪ್ಪಿಕೊಂಡ ಹಾಗೆ ಅಂದುಕೊಂಡು ಒಳಗೊಳಗೇ ಗೆದ್ದೆ.

ಮಾರ್ಚ್ 16, ಭಾನುವಾರ

ಒಂದು ವಾರ ಏನೂ ಬರೆಯಲಿಲ್ಲ. ಕೆಲಸದಲ್ಲಿ ನಾಲ್ಕು ರಿಪೀಟ್. ಬೋರ್ಡಿನ ಸೊನ್ನೆ ಅಳಿಸಿಹೋಯಿತು. ಇನ್‌ಚಾರ್ಜ್ ಹುಷಾರಿಲ್ಲವಾ ಅಂತ ಕೇಳಿದರು.

ಅಮ್ಮನ ಟ್ರಂಕು ಇಳಿಸಿದೆ. ತಳಕ್ಕೆ ಹಾಸಿದ ಪೇಪರಿನ ಕೆಳಗೆ ಕಂದು ಕವರು. ಅಪ್ಪನ ಎಕ್ಸ್‌ರೇ. ಅಮ್ಮ ಏನನ್ನೂ ಎಸೆದವಳಲ್ಲ. ಬಾಲ್ಕನಿಗೆ ತಂದು ಬೆಳಕಿಗೆ ಹಿಡಿದೆ. ಎಲ್ಲ ಕಡೆ ಕಪ್ಪು, ಆದರೆ ಕೆಳಗೆ ಇನ್ನೂ ಕಪ್ಪು. ಟವೆಲ್ ಸರಿಸಿ ಬಚ್ಚಲಿನದನ್ನು ಕಿತ್ತು ತಂದು ನೆಟ್ಟಗೆ ಮಾಡಿ ಪಕ್ಕದಲ್ಲಿ ಹಿಡಿದೆ. ಸೊಟ್ಟ ಮೂಳೆ ಒಂದಿಲ್ಲದಿದ್ದರೆ ಯಾವುದು ಅಪ್ಪ ಯಾವುದು ಮಗ ಹೇಳಲಾಗದು.

ಮೂಗು ಅಮ್ಮನದು, ಎತ್ತರ ಅಪ್ಪನದು ಅನ್ನುತ್ತಿದ್ದರು ಎಲ್ಲರೂ. ಎತ್ತರ ಮಾತ್ರ ಆಗಿದ್ದರೆ ಎಷ್ಟು ಚೆನ್ನಾಗಿತ್ತು.

ಮಾರ್ಚ್ 17, ಸೋಮವಾರ

ಎರಡನ್ನೂ ಪೇಪರಿನಲ್ಲಿ ಸುತ್ತಿ ಡಾಕ್ಟರಮ್ಮನ ಹತ್ತಿರ ಒಯ್ದೆ. ಹಳೇ ಲೈಟು ಪೆಟ್ಟಿಗೆಯ ಧೂಳು ಒರೆಸಿ ಹಾಕಿದರು. ತುಂಬ ಹೊತ್ತು ನೋಡಿದರು. ಟೇಪಿನ ಗುರುತು, ಸೋಪಿನ ಕಲೆ, ಎಲ್ಲ ಬೆಳಗುತ್ತಿತ್ತು.

‘ಇದನ್ನ ತೆಗೆದಿದ್ದು ಯಾರು?’

‘ನಾನೇ ಮೇಡಂ.’

ಎಲ್ಲ ಹೇಳಿದೆ. ಬೈಯಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ. ಅದಕ್ಕೆ ಆಕೆಯ ಮೇಲೆ ಗೌರವ ಬಂತು.

‘ಆಗಲೇ ಗೊತ್ತಾಗಿದ್ದರೆ?’ ಅಂತ ಕೇಳಿದೆ.

‘ಅಷ್ಟರಲ್ಲಿ ಹೋಗಿದ್ದು ವಾಪಸ್ ಬರ್ತಿರಲಿಲ್ಲ. ಉಳಿದಿದ್ದನ್ನ ಕಾಪಾಡ್ಕೋಬಹುದಿತ್ತು. ಧೂಳು ಇಲ್ಲದ ಕೆಲಸ, ಸರಿಯಾದ ಔಷಧಿ, ಉಸಿರಾಟದ ವ್ಯಾಯಾಮ. ಆರು ವರ್ಷ ಕಮ್ಮಿ ಅಲ್ಲ. ಈಗಲೂ ಅದನ್ನೇ ಮಾಡ್ಬೇಕು. ನಿಮ್ಮ ತಂದೆ ಸೇದ್ತಿದ್ರಾ? ಹಾಗಾದ್ರೆ ಅವರಿಗೆ ಎರಡೂ ಸೇರಿ ಬೇಗ ಮುಗಿಸಿದೆ.’ ಆಮೇಲೆ ಕನ್ನಡಕ ತೆಗೆದು — ‘ನೀವೂ ರಕ್ತ ಕೊಡಿ. ಮಗಳದ್ದೂ. ತಮ್ಮನಿಗೆ ಇವತ್ತೇ ಹೇಳಿ.’

ಇವತ್ತೇ.

ಮಾರ್ಚ್ 20, ಗುರುವಾರ

ಹೇಳಲಿಲ್ಲ. ಇವತ್ತು ಅವನೇ ಬಂದಿದ್ದ. ಹತ್ತೊಂಬತ್ತನೇ ಮೆಟ್ಟಿಲಿನ ಹತ್ತಿರ ನಿಂತ, ಮೂವತ್ತರಲ್ಲಿ ನಿಂತ. ನಾನು ಕೂಗಲಿಲ್ಲ. ‘ಏನಕ್ಕ, ಇವತ್ತು ಬೈಗುಳ ಇಲ್ಲ? ಜ್ವರನಾ?’ ಅಂದ. ಸೈಕಲ್ಲಿನ ಚೈನು, ಹೊಸ ಪೋಸ್ಟ್ ಮಾಸ್ಟರರ ಗೊರಕೆ, ಎಲ್ಲದರ ಬಗ್ಗೆ ಮಾತಾಡಿದೆವು. ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ಇನ್ನೊಂದು ಬಿಸ್ಕತ್ತು ತಗೋ ಅಂದೆ.

ಹೇಡಿ.

ಮಾರ್ಚ್ 23, ಭಾನುವಾರ, ಮಧ್ಯಾಹ್ನ

ಹೇಳಿದೆ.

ಫಿಲ್ಮನ್ನು ಅವನ ತೊಡೆಯ ಮೇಲಿಟ್ಟೆ. ಇದು ಬಚ್ಚಲಲ್ಲಿತ್ತು ಅನ್ನುವಷ್ಟರಲ್ಲಿ ಅವನೇ —

‘ಗೊತ್ತು. ಇದು ನಂದು ಅಲ್ವಾ?’

ಅವನು ಆ ಸೊಟ್ಟ ಮೂಳೆಯ ಮೇಲೆ ಬೆರಳಿಟ್ಟ.

‘ಅಮ್ಮ ಮಲಗಿದ್ದಾಗ ಇಲ್ಲೇ ಇದ್ನಲ್ಲ. ಸ್ನಾನ ಮಾಡೋಷ್ಟರಲ್ಲಿ ಉಸಿರು ಹತ್ತಿ ಮಂಡಿ ಹಿಡ್ಕೊಂಡು ಬಗ್ಗಿ ನಿಂತಿದ್ದೆ. ತಲೆ ಕೆಳಗಾಗಿತ್ತಲ್ಲ, ಫಿಲ್ಮು ನೆಟ್ಟಗೆ ಕಂಡ್ತು. ನೀನು ಮುರಿದ ಮೂಳೆ ನಂಗೆ ಗುರುತು ಸಿಗಲ್ವಾ?’ ನಗುತ್ತಲೇ ಹೇಳಿದ. ‘ನಿಜ ಹೇಳ್ಲಾ? ಅವತ್ತು ಎಷ್ಟು ನಿರಾಳ ಆಯ್ತು ಗೊತ್ತಾ? ದೊಡ್ಡಾಸ್ಪತ್ರೆಗೆ ಹೋಗಿ ತೋರಿಸ್ಬೇಕು ಅಂತಿದ್ದೆ. ಎದೇಲಿ ಏನಾದ್ರೂ ಇದ್ದಿದ್ರೆ ಅಕ್ಕ ಇದನ್ನ ಬಚ್ಚಲಿಗೆ ಅಂಟಿಸ್ತಿದ್ಲಾ ಅಂದ್ಕೊಂಡೆ. ಹೋಗಲಿಲ್ಲ.’

ಅದಕ್ಕಿಂತ ಅವನು ನನ್ನ ಕೆನ್ನೆಗೆ ಹೊಡೆದಿದ್ದರೆ ಆಗುತ್ತಿತ್ತು.

ಎಲ್ಲ ಹೇಳಿದೆ. ಕಪ್ಪು ಏಕೆ, ಎರಡನೇ ಫಿಲ್ಮು ಏಕೆ, ರಿಜಿಸ್ಟರು, ಅಪ್ಪನದು, ರಕ್ತ ಪರೀಕ್ಷೆ. ಸಿಗರೇಟಿನದಲ್ಲ, ಅವನು ಏನೂ ಮಾಡಿದ್ದಲ್ಲ. ತಪ್ಪಾಯಿತು ಅಂದೆ. ಅಳಬಾರದು ಅಂತ ಗಟ್ಟಿ ಮನಸ್ಸು ಮಾಡಿದ್ದೆ, ಅತ್ತೆ. ಅವನು ಫಿಲ್ಮನ್ನು ಬೆಳಕಿಗೆ ಹಿಡಿದು ನೋಡುತ್ತಲೇ ಇದ್ದ. ನಗು ಯಾವಾಗ ಹೋಯಿತೋ ತಿಳಿಯಲಿಲ್ಲ.

‘ನಾನು ಸೇದ್ತೀನಿ ಅಂತ ಈಗಲೂ ಅಂದ್ಕೊಂಡಿದ್ಯಾ?’

‘ಇಲ್ಲ ಕಣೋ.’

‘ಅಮ್ಮನಿಗೆ ಯಾರು ಹೇಳ್ತಾರೆ?’

ಟೀ ಕುಡಿಯದೆ ಎದ್ದು ಹೋದ. ಇಳಿಯುವಾಗಲೂ ಒಮ್ಮೆ ನಿಂತ. ಬಾಗಿಲಲ್ಲೇ ನಿಂತು ಕೇಳಿಸಿಕೊಂಡೆ.

ಮಾರ್ಚ್ 29, ಶನಿವಾರ

ಅವನ ಫೋನಿಲ್ಲ. ನಾನು ಮಾಡಿದೆ, ಎತ್ತಲಿಲ್ಲ. ಸರಿಯಾಗಿದೆ.

ನಾನೂ ಮಗಳೂ ರಕ್ತ ಕೊಟ್ಟು ಬಂದೆವು. ದೂರದ ಲ್ಯಾಬು, ರಿಪೋರ್ಟು ಟಪಾಲಿನಲ್ಲೇ ಬರುತ್ತದಂತೆ. ಅಪ್ಪನಿಗೆ ಇದ್ದದ್ದು ಇದೇ ಆಗಿದ್ದರೆ ನನಗೂ ಒಂದು ಕೆಟ್ಟ ಪಾಲು ಬಂದಿರಲೇಬೇಕು ಅಂದರು ಡಾಕ್ಟರಮ್ಮ. ನನಗೆ ಬಂದರೆ ಬರಲಿ. ಮಗಳು ಸೂಜಿ ಚುಚ್ಚುವಾಗ ಮುಖ ತಿರುಗಿಸಿ ನನ್ನ ಕೈ ಹಿಡಿದುಕೊಂಡಳು. ‘ಉಸಿರು ಎಳ್ಕೊ, ಹಿಡ್ಕೊ’ ಅಂತ ಅವಳೇ ಅಂದುಕೊಂಡು ನಕ್ಕಳು. ನನಗೆ ನಗು ಬರಲಿಲ್ಲ.

ಬಚ್ಚಲಿಗೆ ಗಾಜು ಹಾಕಿಸಿದೆ. ಅರ್ಧ ಗಂಟೆಯ ಕೆಲಸ.

ಏಪ್ರಿಲ್ 2, ಬುಧವಾರ

ಹನ್ನೊಂದು ಗಂಟೆಗೆ ಕ್ಯೂನಲ್ಲಿ ಪೀಪಿ. ಖಾಕಿ ಅಂಗಿ, ಕೈಯಲ್ಲಿ ಡಾಕ್ಟರಮ್ಮನ ಚೀಟಿ. ರಕ್ತ ಆಗಲೇ ಕೊಟ್ಟು ಬಂದಿದ್ದನಂತೆ, ಮೊಣಕೈ ಒಳಗೆ ಹತ್ತಿ. ನನ್ನ ಜತೆಯವಳು ನಾನು ತೆಗೀತೀನಿ ಅಂದಳು. ಅವನು ಬೇಡ ಅಂದ. ‘ಮುರಿದವರೇ ತೆಗೀಲಿ.’

ನಿಲ್ಲಿಸಿದೆ. ಭುಜ ಹಿಡಿದು ಮುಂದೆ ತಳ್ಳಿದೆ. ಬೆನ್ನೆಲ್ಲ ಮೂಳೆ. ಎಷ್ಟು ಸವೆದಿದ್ದಾನೆ.

‘ಎಷ್ಟು ಎಳೀಲಿ?’ ಅಂದ. ವ್ಯಂಗ್ಯವೋ ನಿಜವಾದ ಪ್ರಶ್ನೆಯೋ ಗೊತ್ತಾಗಲಿಲ್ಲ.

‘ಎಷ್ಟು ಆಗುತ್ತೋ ಅಷ್ಟೂ ಎಳ್ಕೊ. ಹಿಡಿಸದಿದ್ರೆ ಇನ್ನೊಂದು ತೆಗೀತೀನಿ.’

ಎಳೆದುಕೊಂಡ. ಗಂಟಲಲ್ಲಿ ಕುಂಯ್ ಅಂತ ಸದ್ದು. ಗುಂಡಿ ಒತ್ತಿದೆ. ಬಿಡು ಅಂದೆ. ಬಿಡಲು ಅವನಿಗೆ ಎಷ್ಟು ಹೊತ್ತು ಬೇಕಾಯಿತು… ಇಷ್ಟು ವರ್ಷ ‘ಬಿಡಿ’ ಅಂದು ಮುಂದಿನವರನ್ನು ಕರೆಯುತ್ತಿದ್ದೆ, ಯಾರು ಹೇಗೆ ಬಿಡುತ್ತಾರೆ ಅಂತ ಒಂದು ದಿನವೂ ನೋಡಿರಲಿಲ್ಲ.

ಪರದೆಯ ಮೇಲೆ ಬಂತು. ಕೆಳಗೆ ಕಪ್ಪು, ಆರು ವರ್ಷದ ಹಿಂದಿನದಕ್ಕಿಂತ ಮೇಲಕ್ಕೆ ಹತ್ತಿದೆ. ಒಂದು ಬಟನ್ನೂ ಮುಟ್ಟದೆ ಕಳಿಸಿದೆ.

ಅಂಗಿ ಹಾಕಿಕೊಳ್ಳುತ್ತ ಅಂದ — ‘ನಾಳೆಯಿಂದ ಕೌಂಟರಲ್ಲಿ ಕೂರಿಸ್ತಾರಂತೆ. ಸೈಕಲ್ ಇಲ್ಲ.’ ಸ್ವಲ್ಪ ತಡೆದು, ‘ಕೋಪ ಹೋಗಿಲ್ಲ ಅಕ್ಕ. ಹೋದಾಗ ಹೇಳ್ತೀನಿ.’

ಸರಿ ಅಂದೆ. ಕ್ಷಮಿಸಿದೆ ಅಂದಿದ್ದರೆ ನಾನು ನಂಬುತ್ತಿರಲಿಲ್ಲ.

ಏಪ್ರಿಲ್ 12, ಶನಿವಾರ, ಸಂಜೆ 5:10

ಅವನ ಫೋನು. ಅವತ್ತಿನಿಂದ ಇದೇ ಮೊದಲು.

‘ಲ್ಯಾಬಿಂದ ಮೂರು ಕವರ್ ಬಂದಿದೆ. ನಂದು, ನಿಂದು, ಮಗುದು. ಒಡೆದಿಲ್ಲ. ತರ್ತಾ ಇದ್ದೀನಿ.’

‘ನೀನು ಹತ್ತಬೇಡ ಕಣೋ. ನಾನೇ ಬರ್ತೀನಿ.’

‘ಟಪಾಲನ್ನ ಮನೆ ಬಾಗಿಲಿಗೆ ಮುಟ್ಟಿಸೋದು ನನ್ನ ಕೆಲಸ. ನೀನು ಇಳಿದು ಬಂದ್ರೆ ಅಲ್ಲಿಂದ್ಲೇ ವಾಪಸ್ ಹೋಗ್ತೀನಿ, ನೋಡು.’

ತಮಾಷೆಯ ದನಿ. ಪೂರ್ತಿ ತಮಾಷೆಯದೂ ಅಲ್ಲ.

ಮಗಳು ಸೋಫಾದ ಮೇಲೆ ಪುಸ್ತಕ ಹಿಡಿದು ಕೂತಿದ್ದಾಳೆ. ಹಾಳೆ ತಿರುಗಿಸುತ್ತಿಲ್ಲ. ನನಗೆ ಕೈ ಕಟ್ಟಿ ಕೂರಲಾಗದು, ಅದಕ್ಕೆ ಇದನ್ನು ಬರೆಯುತ್ತಿದ್ದೇನೆ.

5:25

ಕೆಳಗೆ ಗೇಟಿನ ಸದ್ದು. ಅವನೇ. ಒಂದು, ಎರಡು, ಮೂರು… ಚಪ್ಪಲಿ ಎಳೆಯುವ ಸದ್ದು ಚೆನ್ನಾಗಿ ಕೇಳುತ್ತದೆ. ಇಷ್ಟು ವರ್ಷವೂ ಕೇಳುತ್ತಿತ್ತು, ಅದರ ಮೇಲೆ ನಾನು ಕೂಗುತ್ತಿದ್ದೆ, ಅಷ್ಟೆ.

ಹನ್ನೊಂದು. ಹನ್ನೆರಡು. ನಿಂತ. ಯಾವಾಗಲೂ ಹತ್ತೊಂಬತ್ತರವರೆಗೆ ಬರುತ್ತಿದ್ದ.

ಇನ್ನೂ ನಿಂತೇ ಇದ್ದಾನೆ. ಕುಂಯ್ ಅನ್ನುವುದು ಇಲ್ಲಿವರೆಗೆ ಕೇಳುತ್ತಿದೆ. ಮಗಳು ನನ್ನ ಮುಖ ನೋಡುತ್ತಿದ್ದಾಳೆ.

ಹದಿಮೂರು ಇಲ್ಲ.

ವಾಪಸ್ ಹೋಗುತ್ತೇನೆ ಅಂದರೆ ಅನ್ನಲಿ. ನಾನೇ ಇಳಿದು —